ಗಂಗಮ್ಮನಿಗೆ ಕೊಟ್ಟ ಹಸಿರು ಸೀರೆ

ಅಜ್ಜಂಪುರದ ಹತ್ತಿರದ ನಮ್ಮೂರ ದೇವಸ್ಥಾನದ ಹೊಂಡವನ್ನು ನೆನೆದರೆ ನನಗೆ ಈಗಲೂ ಸಿಟ್ಟೇ ಬರುತ್ತದೆ. ನಾನು ಮದುವೆಯಾಗಿ ಬಂದದ್ದು ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ. ಆಗಲೇ ಅದರ ನೀರು ಕೊಳೆತ ಹುರುಳಿಯಂತೆ ನಾರುತ್ತಿತ್ತು. ಗಾಜು ಒಡೆದ ದೇವರ ಫೋಟೋ, ಬಾಡಿದ ಹಾರ, ಮುಕ್ಕಾದ ಕುಂಕುಮದ ಬಟ್ಟಲು, ಯಾವುದನ್ನು ತಿಪ್ಪೆಗೆ ಎಸೆಯುವ ಹಾಗಿಲ್ಲವೋ ಅದೆಲ್ಲ ಹೊಂಡಕ್ಕೆ. ತಿಪ್ಪೆಗೆ ಹಾಕಿದರೆ ಪಾಪ, ನೀರಿಗೆ ಹಾಕಿದರೆ ಪುಣ್ಯ! ಅದರ ಜೊತೆಗೇ ಯೂರಿಯಾ ಚೀಲ, ಬೇಲಿ ತಂತಿಗಳೂ ಪುಣ್ಯ ಪಡೆಯುತ್ತಿದ್ದವು.

ನನ್ನ ಯಜಮಾನರು ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲವು ವರ್ಷ ಕೂಲಿಗಿದ್ದವರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಗೇಟಿನ ಬುಡಕ್ಕೆ ಇಳಿಯುವವರನ್ನು ಅಲ್ಲಿ ನೋಡಿದ್ದರು. ಆ ಬೇಸಿಗೆ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು, ಹೊಂಡವನ್ನು ನಾವೇ ಚೊಕ್ಕ ಮಾಡುತ್ತೇವೆ ಎಂದು ಹೊರಟರು. ಯಾರೂ ಕೇಳಿರಲಿಲ್ಲ, ಯಾರೂ ಕಾಸು ಕೊಡುವವರಿರಲಿಲ್ಲ. ಸಿಲಿಂಡರ್ ಎಲ್ಲಿಂದ ಬರಬೇಕು? ಸೊಂಟಕ್ಕೊಂದು ಹಗ್ಗ, ಎದೆಯಲ್ಲಿ ಹಿಡಿದಷ್ಟು ಉಸಿರು. ಒಳಗಿಂದ ಹಗ್ಗ ಎರಡು ಸಲ ಜಗ್ಗಿದರೆ ಮೇಲಿನವರು ಎಳೆಯಬೇಕು.

ಮೊದಲ ದಿನವೇ ಮೆಟ್ಟಿಲ ಮೇಲೆ ಕಸದ ಗುಡ್ಡೆ ಬಿತ್ತು. ಕೆಸರು ಮೆತ್ತಿದ ಫೋಟೋಗಳಲ್ಲಿ ಯಾವ ದೇವರಿಗೂ ಮುಖವಿರಲಿಲ್ಲ. ನೋಡಲು ಬಂದ ಹೆಂಗಸರು ಕೆನ್ನೆ ಬಡಿದುಕೊಂಡರು. ಗಂಗಮ್ಮನ ಮಡಿಲಿಗೆ ಹಾಕಿದ್ದನ್ನು ಕಿತ್ತುಕೊಂಡರೆ ಅವಳು ಬದಲಿಗೆ ಏನನ್ನಾದರೂ ಕೇಳದೆ ಬಿಡುತ್ತಾಳೆಯೇ ಎಂದು ಯಾರೋ ಮೆಲ್ಲಗೆ ಅಂದರು. ಅತ್ತೆಗೆ ಅವತ್ತು ಊಟ ಸೇರಲಿಲ್ಲ. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ನಾಳೆ ಹೋಗಬೇಡಿ ಎಂದು ಯಜಮಾನರಿಗೆ ಅಂದೆ. ಒಂದು ಮೂಲೆ ಉಳಿದಿದೆ, ಮುಗಿಸಿಬಿಡುತ್ತೇವೆ ಎಂದು ನಕ್ಕರು.

ಮಾರನೇ ದಿನ ಅವರು ಆ ಮೂಲೆಯಲ್ಲಿ ಮುಳುಗಿದ್ದಾಗ ಅತ್ತೆ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ಕಟ್ಟೆಯ ಮೇಲೆ ಬಂದು ನಿಂತರು. ನಾನು ಏನೆಂದು ಕೇಳುವಷ್ಟರಲ್ಲಿ ಹಸಿರು ಗಂಟೊಂದು ನೀರಿಗೆ ಬಿತ್ತು. ನನ್ನ ತವರಿನವರು ಉಡಿಸಿ ಕಳಿಸಿದ್ದ ಸೀರೆ! ಮಗ ಗಂಗಮ್ಮನ ಮಡಿಲಲ್ಲಿರುವಾಗಲೇ ಕೊಟ್ಟರೆ ಅವಳು ಮಗನನ್ನು ಬಿಟ್ಟು ಸೀರೆ ಹಿಡಿಯುತ್ತಾಳೆ ಎಂದು ಅತ್ತೆಯ ಎಣಿಕೆ. ಕೊಟ್ಟ ಸೀರೆ ತೇಲಿದರೆ ಅವಳು ಒಪ್ಪಲಿಲ್ಲ ಎಂದರ್ಥ. ತೇಲಬಾರದೆಂದು ತುದಿಗೆ ಕಲ್ಲು ಕಟ್ಟಿದ್ದರು. ಸೀರೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತಾ ಯಜಮಾನರಿದ್ದ ಕಡೆಗೇ ಇಳಿಯಿತು.

ಒಂದಿಷ್ಟು ಗುಳ್ಳೆ ಬಂದವು, ಆಮೇಲೆ ನಿಂತವು. ಹಗ್ಗ ಹುಚ್ಚುಹುಚ್ಚಾಗಿ ಜಗ್ಗಿ ಸಡಿಲವಾಯಿತು. ಎಳೆದರೆ ಬರಲಿಲ್ಲ. ಗೆಳೆಯನೊಬ್ಬ ಕುಡುಗೋಲು ಹಿಡಿದು ಹಾರಿದ. ನಾನೂ ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದೆ. ಆ ಹೊತ್ತನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ.

ಮೇಲೆ ತಂದಾಗ ನನ್ನ ಸೀರೆ ಅವರ ಕುತ್ತಿಗೆಗೆ, ತೋಳಿಗೆ ಸುತ್ತಿಕೊಂಡಿತ್ತು. ಇನ್ನೊಂದು ತುದಿ ತಳದ ತಂತಿಗೆ ಸಿಕ್ಕಿಕೊಂಡಿದ್ದನ್ನು ಗೆಳೆಯ ಕೊಯ್ದು ಬಿಡಿಸಿದ್ದ. ಬೋರಲು ಮಲಗಿಸಿ ಬೆನ್ನು ಒತ್ತಿದಾಗ ಕೆಸರುನೀರು ಕಾರಿಕೊಂಡು ಉಸಿರೆಳೆದರು. ನಾನು ಅತ್ತೆಯ ಕಡೆ ತಿರುಗಿದೆ, ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು. ಅವರು ಅಳುತ್ತಾ ನನ್ನ ಕೈ ಹಿಡಿದುಕೊಂಡರು.

“ನಿನ್ನ ಸೀರೆ ಕಾಪಾಡ್ತು ಕಣವ್ವ,” ಅಂದರು. “ನಾನು ಕೊಡ್ದೇ ಇದ್ದಿದ್ರೆ ಅವ್ಳು ಬಿಡ್ತಿರ್ಲಿಲ್ಲ.”

ಸುತ್ತ ನಿಂತ ಹೆಂಗಸರು ಹೌದೌದು ಎಂದು ತಲೆಯಾಡಿಸಿದರು. ನಾನು ಕೈ ಬಿಡಿಸಿಕೊಂಡು, ಇವರ ತೋಳಿಗೆ ಇನ್ನೂ ಸುತ್ತಿಕೊಂಡಿದ್ದ ಸೀರೆಯನ್ನು ಬಿಚ್ಚತೊಡಗಿದೆ.

ಶುಕ್ರವಾರ ಹೊಂಡದ ಕಡೆ ಹೋದೆ. ಏಳೆಂಟು ಹೆಂಗಸರು ಬಂದಿದ್ದರು, ಒಬ್ಬೊಬ್ಬರ ಕಂಕುಳಲ್ಲೂ ಮಡಿಸಿದ ಸೀರೆ. ಮೆಟ್ಟಿಲ ಪಕ್ಕದಲ್ಲಿ ಬಗ್ಗಿ ಕಲ್ಲು ಹುಡುಕುತ್ತಿದ್ದರು. ಓಡೋಡಿ ಮನೆಗೆ ಬಂದರೆ, ಇವರು ಅಂಗಳದಲ್ಲಿ ಹಗ್ಗವನ್ನು ಬಿಸಿಲಿಗೆ ಹರವುತ್ತಿದ್ದರು.

“ಆ ಮೂಲೆ ಹಂಗೇ ಉಳ್ಕೊಂಡೈತಲ್ಲೇ,” ಅಂದರು.