ಮೈಲಾರಣ್ಣ ಕೇಳಿದ ಸದ್ದು

ಕಾರು ಮನೆಗೆ ಬಂದ ಮೂರನೇ ದಿನ. ಬೆಳಿಗ್ಗೆ ಆರೂವರೆ. ಕೊಟ್ಟೂರಿನಲ್ಲಿ ಅಪರೂಪಕ್ಕೆ ಚಳಿ ಬಿದ್ದಿತ್ತು. ಚಾವಿ ತಿರುಗಿಸಿದೆ. ಬಾನೆಟ್ ಒಳಗಿಂದ ಕಟಕಟಕಟ ಅಂತ ಸದ್ದು ಬಂತು ನೋಡಿ, ಗಡಬಡಿಸಿ ಕೆಳಗಿಳಿದೆ.

ಹಲ್ಲುಜ್ಜುತ್ತಾ ಹೊರಗೆ ಬಂದ ಹೆಂಡತಿ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ‘ಹೊಸಾದನ ತಂದೀರಿ ಹೌದಲ್ರಿ?’ ಅಂದಳು.

ಹೊಸದೇ. ಸೀಟಿನ ಪ್ಲಾಸ್ಟಿಕ್ ಕವರು ಕೂಡ ತೆಗೆದಿರಲಿಲ್ಲ. (ತೆಗೆಯಲು ಮನಸ್ಸು ಬರುತ್ತಿರಲಿಲ್ಲ ಅಂತ ಬೇರೆ ಹೇಳಬೇಕೆ?) ನಮ್ಮ ವಂಶದಲ್ಲೇ ಮೊದಲ ಕಾರು. ನಮ್ಮಪ್ಪ ಜೀವನಪೂರ್ತಿ ಲಾರಿಗೆ ಶೇಂಗಾ ಚೀಲ ಹೊತ್ತ ಮನುಷ್ಯ. ಅವನ ಮಗ ಹರಪನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಕೊನೆಗೂ ಒಂದು ಕಾರು ತಂದರೆ ಅದು ಮೂರನೇ ದಿನಕ್ಕೇ ಹೀಗೆ ಹಲ್ಲು ಕಡಿಯುವುದೇ?

ಅರ್ಧ ನಿಮಿಷಕ್ಕೆ ಕಟಕಟ ನಿಂತಿತು. ಮತ್ತೆ ಎರಡು ನಿಮಿಷ ಇಂಜಿನ್ನು ಜೋರಾಗಿ ಗುರುಗುಟ್ಟಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಶಾಂತವಾಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಹೊಸಪೇಟೆಯ ಶೋರೂಮಿಗೆ ಫೋನ್ ಮಾಡಿದೆ. ‘ಸರ್, ಅದು ನಾರ್ಮಲ್’ ಅಂತ ಒಬ್ಬ ಹೇಳಿದ. ಫೋನಿನಲ್ಲಿ ಯಾರಾದರೂ ನಾರ್ಮಲ್ ಅಂದರೆ ನಿಮಗೆ ಸಮಾಧಾನ ಆಗುತ್ತದೆಯೇ? ನನಗಂತೂ ಇನ್ನಷ್ಟು ಭಯವಾಯಿತು.

ಹೊಸ ಕಾರು ತಂದವನಿಗೆ ಊರೆಲ್ಲ ಮೇಷ್ಟ್ರು. ಮೊದಲ ಸಾವಿರ ಕಿಲೋಮೀಟರ್ ಎಂಬತ್ತು ದಾಟಿಸಬೇಡ ಅಂದ ಒಬ್ಬ. ಎಂಬತ್ತಲ್ಲ, ಅರವತ್ತು ಅಂದ ಇನ್ನೊಬ್ಬ. ಒಂದೇ ಸ್ಪೀಡಿನಲ್ಲಿ ಹೋಗಬೇಡ, ಏರಿಸು ಇಳಿಸು ಅಂದ ಮತ್ತೊಬ್ಬ. ಎಲ್ಲರ ಮಾತನ್ನೂ ಪಾಲಿಸಿದೆ. ಹರಪನಹಳ್ಳಿ ರಸ್ತೆಯಲ್ಲಿ ಮೂವತ್ತಕ್ಕೆ ಇಳಿಸಿದ್ದಾಗ ಮೆಕ್ಕೆಜೋಳದ ಲೋಡು ಹೊತ್ತ ಟ್ರ್ಯಾಕ್ಟರು ನನ್ನನ್ನು ಓವರ್‌ಟೇಕ್ ಮಾಡಿತು. ಡ್ರೈವರು ಹೋಗುವಾಗ ಕನಿಕರದಿಂದ ಒಮ್ಮೆ ತಿರುಗಿ ನೋಡಿದ.

ಕೊನೆಗೆ ಮೈಲಾರಣ್ಣನ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು.

ಮೈಲಾರಣ್ಣ ಅಂದರೆ ಉಜ್ಜಿನಿ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ಮೆಕ್ಯಾನಿಕ್ಕು. ಕುರಿ ಕಾಯುವ ಮನೆತನದಿಂದ ಬಂದು ಸ್ಪ್ಯಾನರ್ ಹಿಡಿದು ನಲವತ್ತು ವರ್ಷ ಆಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾರೆ. ‘ಮೂರನೇದು’ ಅನ್ನುತ್ತಾರೆ. ಬಿಚ್ಚಿದರೆ ತೊಂದರೆ ಮೂರನೇ ಸಿಲಿಂಡರಿನಲ್ಲೇ ಇರುತ್ತದೆ. ಕೂಡ್ಲಿಗಿ, ಹಡಗಲಿ ಕಡೆಯಿಂದಲೂ ಟೆಂಪೋದವರು ಹುಡುಕಿಕೊಂಡು ಬರುತ್ತಿದ್ದದ್ದು ಆ ಕಿವಿಯನ್ನು.

ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. ಆಗ ನನಗೆ ಹತ್ತೊಂಬತ್ತು. ನಮ್ಮ ಕೇರಿಯವರು ಜೀಪಿನ ಹಿಂದೆ ಜೋತುಬಿದ್ದು ಹೋಗುವುದು ರೂಢಿ, ಮುಂದಿನ ಸೀಟಿಗೆ ಯಾರೂ ಕರೆಯುತ್ತಿರಲಿಲ್ಲ. ‘ಲೇ ಪರಸ್ಯಾ, ಏರು’ ಅಂತ ನನ್ನನ್ನು ನೇರ ಸ್ಟಿಯರಿಂಗ್ ಮುಂದೆ ಕೂರಿಸಿದ ಮನುಷ್ಯ ಅವರು. ಅದನ್ನು ನೋಡಿ ಊರಲ್ಲಿ ಕೆಲವರು ಆಡಿಕೊಂಡರಂತೆ. ಮೈಲಾರಣ್ಣ ಕ್ಯಾರೇ ಅನ್ನಲಿಲ್ಲ.

ಈಗ ತಾಪತ್ರಯ ಏನೆಂದರೆ, ಈ ಸದ್ದು ಬರುವುದು ಇಂಜಿನ್ ತಣ್ಣಗಿದ್ದಾಗ ಮಾತ್ರ. ನಮ್ಮ ಮನೆಯಿಂದ ಶೆಡ್ಡಿಗೆ ಹೋಗುವಷ್ಟರಲ್ಲಿ ಅದು ಬಿಸಿಯಾಗಿ, ಸದ್ದಿನ ಸುಳಿವೇ ಇರುವುದಿಲ್ಲ. ನಾನು ಬುದ್ಧಿವಂತ ಅಲ್ಲವೇ? ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ಶೆಡ್ಡಿಗೆ ಹೋಗಿ, ಸದ್ದಿನ ವಿಷಯ ಹೇಳಿ, ಅದನ್ನು ತೆರೆದು ಅವರ ಕೈಗೆ ಕೊಟ್ಟೆ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುವ ಗದ್ದಲ. ಅವರು ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಒಂದು ನಿಮಿಷ ಕೇಳಿದರು. ತಲೆ ಆಡಿಸಿದರು.

‘ವಾಲ್ವ್ ಎತ್ತೋ ಟ್ಯಾಪೆಟ್ ಸದ್ದದು. ರಾತ್ರಿ ನಿಂತಾಗ ಎಣ್ಣಿ ಕೆಳಗ ಇಳಿದಿರತೈತಿ, ಮ್ಯಾಲ ಏರೋತನಕ ಬಡಕಂತೈತಿ. ಹೊಸಾದೈತಿ, ಇನ್ನೂ ಪಳಗಿಲ್ಲ. ಸಾವಿರ ಕಿಲೋಮೀಟರ್ ಓಡ್ಲಿ, ಹೋಕೈತಿ ಬಿಡು.’

ನನಗೆ ಹೋದ ಜೀವ ಬಂದಂತಾಯಿತು. ಫೋನ್ ವಾಪಸ್ ತಗೊಂಡೆ. ನೋಡಿದರೆ ವಿಡಿಯೋ ಸೊನ್ನೆ ಸೆಕೆಂಡಿನಲ್ಲೇ ನಿಂತಿದೆ. ನಾನು ಅದನ್ನು ಶುರು ಮಾಡಿಯೇ ಇರಲಿಲ್ಲ!

ಹಾಗಾದರೆ ಅವರು ಒಂದು ನಿಮಿಷ ಕೇಳಿದ್ದೇನು?

ವೆಲ್ಡಿಂಗ್ ಅಂಗಡಿಯ ಗದ್ದಲ ನಿಂತಾಗ ಬೆನ್ನ ಹಿಂದೆ ನಿಂತು ‘ಮೈಲಾರಣ್ಣ’ ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ, ಮತ್ತೊಮ್ಮೆ ಕರೆದೆ. ಅವರು ತಮ್ಮ ಪಾಡಿಗೆ ನಟ್ಟು ಬಿಗಿಯುತ್ತಿದ್ದರು.

ಇಲ್ಲಿಗೆ ಸುಮ್ಮನಾಗಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಇರುತ್ತಿರಲಿಲ್ಲ. ಆದರೆ ನನ್ನ ಚಾಳಿ ನಿಮಗೆ ಗೊತ್ತಲ್ಲ. ಒಂದು ರಸವತ್ತಾದ ಸಂಗತಿ ಸಿಕ್ಕರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಅವತ್ತು ಸಂಜೆಯೇ ಮಿರ್ಚಿ ಹೋಟೆಲಿನಲ್ಲಿ ಹೇಳಿದೆ. ಸುಮ್ಮನೆ ಹೇಳಲಿಲ್ಲ, ಆಡಿ ತೋರಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಗಂಭೀರವಾಗಿ ತಲೆ ಆಡಿಸಿ, ‘ಟ್ಯಾಪೆಟ್’ ಅಂದೆ. ಟೇಬಲ್ಲಿಗೆ ಟೇಬಲ್ಲೇ ಬಿದ್ದು ಬಿದ್ದು ನಕ್ಕಿತು. ಒಬ್ಬನಿಗೆ ಮಂಡಕ್ಕಿ ನೆತ್ತಿಗೇರಿತು. ಪಕ್ಕದ ಟೇಬಲ್ಲಿನವರು ಕೇಳಿಸಲಿಲ್ಲ ಅಂದರು. ಅವರಿಗಾಗಿ ಇನ್ನೊಮ್ಮೆ ಆಡಿದೆ. ಮರುದಿನ ಕಚೇರಿಯಲ್ಲೂ ಆಯಿತು.

ನಗಿಸಿದವನಿಗೆ ಸಿಗುವ ಖುಷಿ ಕೆಟ್ಟದ್ದು ಮಾರಾಯ್ರೆ. ಅದು ಮುಂದೆ ನೋಡಲು ಬಿಡುವುದಿಲ್ಲ.

ಆಮೇಲೆ ಏನಾಯಿತು ಅನ್ನುವುದು ನನಗೆ ತಡವಾಗಿ ತಿಳಿಯಿತು. ಪಡ್ಡೆಗಳು ಮೋಜಿಗಾಗಿ ಶೆಡ್ಡಿಗೆ ಹೋಗಿ, ಬಂದ್ ಆದ ಫೋನ್ ಕೊಟ್ಟು, ‘ಇದರಾಗ ಏನ್ ಸದ್ದೈತಿ ಹೇಳಣ್ಣ’ ಅಂತ ಕೇಳತೊಡಗಿದ್ದರಂತೆ. ಮೊದಲ ಸಲ ಮೈಲಾರಣ್ಣ ಪಾಪ, ಕಿವಿಗೆ ಇಟ್ಟುಕೊಂಡು ಏನೋ ಹೇಳಿದರಂತೆ. ಎದುರಿಗಿದ್ದವರ ಹಲ್ಲು ನೋಡಿ ಅವರಿಗೆ ತಿಳಿಯಿತು. ಟೆಂಪೋದವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಕಿವಿ ಕೇಳದವನಿಗೆ ಗಾಡಿ ಹೇಗೆ ಕೊಡುವುದು ಅಂತ ಅವರ ಮಾತು. ನಲವತ್ತು ವರ್ಷದ ಹೆಸರು, ಒಂದೂವರೆ ತಿಂಗಳಲ್ಲಿ ಹೋಯಿತು.

ಇತ್ತ ನನ್ನ ಕಾರು ಸಾವಿರ ಕಿಲೋಮೀಟರ್ ದಾಟಿತು. ಒಂದು ಬೆಳಿಗ್ಗೆ ಚಾವಿ ತಿರುಗಿಸಿದರೆ ಕಟಕಟ ಇಲ್ಲ. ಮರುದಿನವೂ ಇಲ್ಲ. ಮೈಲಾರಣ್ಣ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾಚಿಕೆ ಆಯಿತು. ಪೇಡೆ ಕಟ್ಟಿಸಿಕೊಂಡು ಶೆಡ್ಡಿಗೆ ಹೋದೆ.

ಒಂದೂ ಗಾಡಿ ಇರಲಿಲ್ಲ. ಮೈಲಾರಣ್ಣ ಸ್ಪ್ಯಾನರುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಗೋಣಿಚೀಲಕ್ಕೆ ಹಾಕುತ್ತಿದ್ದರು. ನನ್ನನ್ನು ನೋಡಿ ಎದ್ದರು. ‘ಬರ್ರಿ’ ಅಂದರು. ನನಗೆ ಅವರು ಜನ್ಮದಲ್ಲಿ ಹಾಗೆ ಅಂದವರಲ್ಲ. ಕಾರಿನ ಹತ್ತಿರ ಬಂದು, ನಾನು ಇಂಜಿನ್ ಬಂದ್ ಮಾಡುವ ಮುಂಚೆಯೇ ಬಾನೆಟ್ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತರು.

‘ಪಳಗೇತಿ. ಚೊಲೊ ಆತು’ ಅಂದರು.

ಆಮೇಲೆ ನಾನು ಕೇಳದೆಯೇ ಹೇಳಿದರು. ಎರಡು ವರ್ಷದಿಂದ ಎರಡೂ ಕಿವಿ ಮಂದವಾಗುತ್ತಾ ಬಂದು ಈಗ ಪೂರ್ತಿ ಹೋಗಿವೆ. ಕಿವಿಯ ಮೆಷೀನು ತಗೊಂಡು ನೋಡಿದರು, ಉಪಯೋಗ ಆಗಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಆದರೆ ಕೆಲಸ ಎಂದೂ ಕೆಟ್ಟಿಲ್ಲ. ಇಂಜಿನ್ನಿನ ನಡುಕ ಅಂಗೈಗೆ ಗೊತ್ತಾಗುತ್ತದೆ, ಸ್ಕ್ರೂಡ್ರೈವರ್ ಹಿಡಿಯಿಂದ ಕಿವಿಯ ಹಿಂದಿನ ಎಲುಬಿಗೂ ಗೊತ್ತಾಗುತ್ತದೆ. ಎಷ್ಟೋ ಟೆಂಪೋಗಳನ್ನು ಹಾಗೇ ರಿಪೇರಿ ಮಾಡಿ ಕಳಿಸಿದ್ದಾರೆ, ಒಂದೂ ತಿರುಗಿ ಬಂದಿಲ್ಲ.

‘ಫೋನು ನಡಗಂಗಿಲ್ಲ ನೋಡ್ರಿ, ಅದಕ್ಕ ತಿಳೀಲಿಲ್ಲ’ ಅಂದರು.

ನಾನು ಪೇಡೆಯ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸಿದೆ.

‘ನೀವು ಅಷ್ಟು ಆಸಿ ಮಾಡಿ ತಂದಿದ್ರಿ. ಕೇಳಂಗಿಲ್ಲ ಅಂತ ಹ್ಯಾಂಗ ಹೇಳ್ಲಿ? ಹೊಸ ಇಂಜಿನ್ನಿನ ಸದ್ದು ಯಾವುದಿರತೈತಿ ಅಂತ ಗೊತ್ತಿತ್ತು, ಹೇಳಿದೆ.’ ಒಂದು ಸ್ಪ್ಯಾನರನ್ನು ಚೀಲಕ್ಕೆ ಹಾಕಿ, ‘ಫೋನ್ ಬಂದ್ ಐತಿ ಮೈಲಾರಣ್ಣ ಅಂತ ನೀವು ನನಗೊಬ್ಬನಿಗೆ ತೋರಿಸಬೇಕಿತ್ತು’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಶೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟಾಗಿದೆಯಂತೆ. ಚಿಗಟೇರಿಯಲ್ಲಿ ತಮ್ಮನ ಕುರಿಗಳಿವೆ, ಅಲ್ಲಿಗೆ ಹೊರಟಿದ್ದಾರೆ. ಕುರಿ ಕಾಯಲು ಕಿವಿ ಬೇಡವೇ ಅಂತ ನಾನು ಕೇಳಲಿಲ್ಲ. ಬೇಕು ಅಂತ ಇಬ್ಬರಿಗೂ ಗೊತ್ತಿತ್ತು.

ಒಂದು ಹೊಸ ಇಂಜಿನ್ನಿಗೆ ನಾವು ಎಷ್ಟು ತಾಳ್ಮೆ ತೋರಿಸುತ್ತೇವೆ! ಕಟಕಟ ಅಂದರೆ ಪಾಪ, ಹೊಸದು, ಪಳಗಲಿ ಅನ್ನುತ್ತೇವೆ. ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಅರವತ್ತು ದಾಟದೆ ತೆವಳುತ್ತೇವೆ. ನಲವತ್ತು ವರ್ಷ ಊರಿನ ಗಾಡಿಗಳನ್ನೆಲ್ಲ ಓಡಿಸಿದ ಮನುಷ್ಯನಲ್ಲಿ ಒಂದು ಊನ ಕಂಡರೆ ಅದೇ ಸಂಜೆ ಮಿರ್ಚಿಗೆ ನೆಂಚಿಕೊಳ್ಳುತ್ತೇವೆ. ನಾವು ಅಂತ ಯಾಕೆ ಅನ್ನಲಿ? ಅದು ನಾನು.

ಪೇಡೆಯ ಪೊಟ್ಟಣ ಸ್ಟೂಲಿನ ಮೇಲಿಟ್ಟು ‘ತಪ್ಪಾತಣ್ಣ’ ಅಂದೆ. ತಲೆ ತಗ್ಗಿಸಿಕೊಂಡೇ ಅಂದೆ. ಅವರಿಗೆ ನನ್ನ ತುಟಿ ಕಾಣಲಿಲ್ಲ.

‘ಏನಂದ್ರಿ?’ ಅಂತ ಕೇಳಿದರು.

ಆಗಲೇ ಪಕ್ಕದ ಅಂಗಡಿಯ ಇಬ್ಬರು ಕೆಲಸ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಏನಿಲ್ಲ ಅಂತ ಕೈ ಆಡಿಸಿ, ಕಾರು ಹತ್ತಿ ಬಂದುಬಿಟ್ಟೆ.

ತುಂಬಿದ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿಗೂ ಕೇಳುವ ಹಾಗೆ ಅವರನ್ನು ಆಡಿಕೊಂಡ ನನಗೆ, ಇಬ್ಬರ ಎದುರಿಗೆ ಆ ಒಂದು ಮಾತನ್ನು ತಲೆ ಎತ್ತಿ ಇನ್ನೊಮ್ಮೆ ಹೇಳಲು ಯಾಕೆ ಆಗಲಿಲ್ಲ?