ಸಣ್ಣ ಕೆರೆಯ ಸೌಟು

ಗದಗ-ಬೆಟಗೇರಿಯ ಬೆನ್ನಿಗೆ ಅಂಟಿಕೊಂಡೇ ಇದ್ದರೂ ನಮ್ಮದು ಬೇರೆ ಊರು. ಹಾಗಂತ ನಾವೇ ಹೇಳಿಕೊಳ್ಳಬೇಕು. ಸಿಟಿ ಬಸ್ಸು ನಮ್ಮಲ್ಲಿಗೆ ಬಂದು ತಿರುಗಿ ಹೋಗುತ್ತದೆ, ಹೊಲಗಳೆಲ್ಲ ಪ್ಲಾಟುಗಳಾಗಿವೆ. ಹಳ್ಳಿ ಅನ್ನೋಣವೆಂದರೆ ಎಮ್ಮೆಗಳಿಲ್ಲ, ಪ್ಯಾಟಿ ಅನ್ನೋಣವೆಂದರೆ ನಳಕ್ಕೆ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ನಮ್ಮದು ಅಂತ ಎದೆ ತಟ್ಟಿ ಹೇಳಿಕೊಳ್ಳಲು ಇರುವುದು ಎರಡು ಕೆರೆ, ಮತ್ತೆ ಅವುಗಳ ಕತೆ.

ದೊಡ್ಡ ಕೆರೆಯ ತಳದಲ್ಲಿ ಗುಡಿಯೊಂದು ಮುಳುಗಿದೆಯಂತೆ, ಕಿವಿಗೊಟ್ಟರೆ ಗಂಟೆ ಕೇಳುತ್ತದಂತೆ. ನಾನು ಕಂಡಂತೆ ಆ ಕೆರೆ ಎಷ್ಟೋ ಬೇಸಿಗೆ ಪೂರ್ತಿ ಒಣಗಿದೆ, ಹುಡುಗರು ಅದರ ನಟ್ಟನಡುವೆ ಸ್ಟಂಪು ನೆಟ್ಟು ಕ್ರಿಕೆಟ್ ಆಡಿದ್ದಾರೆ. ಗುಡಿಯೂ ಇಲ್ಲ, ಗಂಟೆಯೂ ಇಲ್ಲ. ಮಳೆ ಬಿದ್ದು ನೀರು ನಿಂತಿತೋ, ಜನಕ್ಕೆ ಮತ್ತೆ ಗಂಟೆ ಕೇಳಿಸುತ್ತದೆ. ಇಂಥದ್ದಕ್ಕೆಲ್ಲ ನನಗೆ ಮೈ ಉರಿಯುತ್ತಿತ್ತು.

ಸಣ್ಣ ಕೆರೆಯ ಕತೆಗೆ ಮಾತ್ರ ನಗುವ ಹಾಗಿರಲಿಲ್ಲ. ಅದರಲ್ಲಿ ಕಳ್ಳರು ನಾವೇ. ಹಿಂದೆ ಮದುವೆ ಗೊತ್ತಾದ ಮನೆಯ ಹೆಂಗಸರು ಕೆರೆಯ ಮೆಟ್ಟಿಲ ಮೇಲೆ ನಿಂತು ಕೇಳಿಕೊಂಡರೆ, ಬೆಳಗಾಗುವುದರೊಳಗೆ ಕೆರೆಯವ್ವ ಅಡುಗೆಯ ಪಾತ್ರೆಗಳನ್ನು ದಂಡೆಗೆ ಇಡುತ್ತಿದ್ದಳಂತೆ. ಹಂಡೆ, ಕೊಪ್ಪರಿಗೆ, ಪರಾತ, ಎಲ್ಲ ಥಳಥಳ. ಮದುವೆ ಮುಗಿದ ಮೇಲೆ ತೊಳೆದು ತಿರುಗಿ ಕೊಡಬೇಕು. ಒಂದು ಮನೆಯವರು ಒಂದು ಸೌಟು ಇಟ್ಟುಕೊಂಡುಬಿಟ್ಟರು. ಅಂದಿನಿಂದ ಕೆರೆ ಯಾರಿಗೂ ಏನೂ ಕೊಡಲಿಲ್ಲ. ಆ ಮನೆ ನಮ್ಮದು ಅಂತ ಊರ ಮಾತು. ನಮಗೆ ಸೌಟಿನವರು ಅಂತಲೇ ಹೆಸರು.

ಕೆರೆ ಕೊಡುವುದು ನಿಂತರೂ ರೂಢಿ ನಿಂತಿಲ್ಲ. ಇವತ್ತಿಗೂ ಮದುವೆಮನೆಯವರು ತಮ್ಮದೇ ಸೌಟೊಂದನ್ನು ಒಯ್ದು ಆ ನೀರಲ್ಲಿ ಅದ್ದಿ, ಅರಿಷಿಣ ಕುಂಕುಮ ಹಚ್ಚಿ, "ಒಯ್ತೇವಿ ಯವ್ವಾ" ಅಂತ ಕೇಳಿ ತರುತ್ತಾರೆ. ಮದುವೆಯಾಗಿ ಐದು ದಿನದೊಳಗೆ ಅದನ್ನು ತಿಕ್ಕಿ ತೊಳೆದು ಮತ್ತೆ ಅದ್ದಿ, "ಮುಟ್ಟಿಸೇವಿ ಯವ್ವಾ" ಅಂತ ತಿರುಗಿ ಒಪ್ಪಿಸಬೇಕು. ಆಮೇಲೆ ಸೌಟು ಮನೆಗೆ ಬಂದು ಗೂಟ ಸೇರುತ್ತದೆ.

ಅವ್ವ ಈ ಮನೆಗೆ ಸೊಸೆಯಾಗಿ ಬಂದವಳು. ಕದ್ದವರು ಯಾರೋ, ಯಾವ ಕಾಲದವರೋ. ಆದರೆ ನೀರು ಬಿಟ್ಟ ದಿನ ಕೊಡ ಹಿಡಿದು ಪಾಳಿಗೆ ನಿಂತಾಗ, "ನಿಮ್ಮ ನಿಮ್ಮ ಕೊಡ ಜ್ವಾಕಿ ನೋಡ್ರೆವ್ವಾ, ಸೌಟಿನವ್ರು ಬಂದ್ರು" ಅನ್ನಿಸಿಕೊಂಡದ್ದು ಅವಳು. ಚೇಷ್ಟೆಗೆ ಅನ್ನುತ್ತಿದ್ದರು, ಖರೆ. ಅವಳೂ ನಗುತ್ತಲೇ, "ನಮ್ಮ ಮನಿಯವ್ರು ತಗೊಂಡಿಲ್ಲವ್ವಾ, ಬೇಕಾದ್ರ ಆಣಿ ಮಾಡ್ತೀನಿ" ಅನ್ನುತ್ತಿದ್ದಳು. ಮನೆಗೆ ಬಂದು ಕೊಡ ಇಳಿಸುವಾಗ ಆ ನಗು ಇರುತ್ತಿರಲಿಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದರೆ ಮರುದಿನವೇ ಶಿಗಿ ಏರಿಸಿ, ತಂದದ್ದಕ್ಕಿಂತ ಹೆಚ್ಚೇ ತುಂಬಿ ಕೊಟ್ಟು ಬರುವಳು. ಬಟ್ಟಲು ನಮ್ಮ ಮನೆಯಿಂದ ಬರಿದಾಗಿ ಹೋದದ್ದನ್ನು ನಾನು ಕಂಡಿಲ್ಲ.

ಅಪ್ಪ ತೀರಿಕೊಂಡ ಮೇಲೆ ತಮ್ಮನ ಮದುವೆಯಾಯಿತು. ಅವ್ವನಿಗೆ ಮೊಣಕಾಲು ನೋವು. ಹಾಗಾಗಿ ಸೌಟು ಮುಟ್ಟಿಸುವ ಕೆಲಸ ಹಿರಿಮಗಳಾದ ನನ್ನ ಪಾಲಿಗೆ ಬಂತು. ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಹೋಗುತ್ತೇನೆ. ಶಾಲೆ ಶುರುವಾಗುವ ಹೊತ್ತು, ನೋಟ್‌ಬುಕ್ಕುಗಳ ಸುಗ್ಗಿ, ಮದುವೆಗೆ ಹಾಕಿದ ರಜೆಯೂ ಮುಗಿದಿತ್ತು. ಐದನೆಯ ದಿನ ಬೆಳಿಗ್ಗೆ ಅವ್ವ ಹಿತ್ತಾಳೆಯ ಸೌಟನ್ನು ಹುಣಸೆಹಣ್ಣಿನಿಂದ ತಿಕ್ಕಿ, ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಕೆರಿಗೆ ಹೋಗೇ ಮುಂದ ಬಸ್ ಹತ್ತು" ಅಂದಳು.

ಕೆರೆಗೆ ಹೋದರೆ ಬಸ್ ತಪ್ಪುತ್ತಿತ್ತು. ಹೊಸ ಪ್ಲಾಟುಗಳ ಗಟಾರವೆಲ್ಲ ಅಲ್ಲಿಗೇ ಬಂದು ನೀರು ಹಸಿರುಗಟ್ಟಿತ್ತು, ಮೂಗು ಮುಚ್ಚಿಕೊಂಡೇ ಇಳಿಯಬೇಕು. ಗಟಾರಕ್ಕೆ ಸೌಟು ಅದ್ದುವ ಹುಚ್ಚು ಯಾರಿಗೆ ಬೇಕಾಗಿದೆ ಅಂದುಕೊಂಡು ನೇರ ಬಸ್ ಹತ್ತಿದೆ. ಸಂಜೆ ಪ್ರೆಸ್ಸಿನ ನಳದ ಕೆಳಗೆ ಸೌಟು ಹಿಡಿದು, ಸುತ್ತಿದ ಅರಿವೆಯನ್ನೂ ತೋಯಿಸಿ ಮನೆಗೆ ಬಂದೆ.

"ಮುಟ್ಟಿಸಿದ್ಯಾ?"

"ಮುಂಜಾನೆ ಆಗಲಿಲ್ಲ. ಈಗ ಬರೂ ಮುಂದ ಮುಟ್ಟಿಸಿ ಬಂದೆ."

ಅವ್ವ ಅರಿವೆ ಬಿಚ್ಚಿದಳು. ಸೌಟನ್ನು ಮುಖದ ಹತ್ತಿರ ಹಿಡಿದಳು. "ಆತು ಬಿಡು" ಅಂದು ಗೂಟಕ್ಕೆ ಹಾಕಿದಳು.

ಮರುದಿನ ಪ್ರೆಸ್ಸಿಗೆ ತಮ್ಮನ ಫೋನು ಬಂತು. ಅವ್ವ ಕೆರೆಯ ಮೆಟ್ಟಿಲಲ್ಲಿ ಪಾಚಿಗೆ ಜಾರಿ ಬಿದ್ದಿದ್ದಳು. ದಂಡೆಯಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸು ಕೂಗಿ ಜನ ಸೇರಿಸಿದ್ದಳು. ಸೊಂಟದ ಎಲುಬು ಮುರಿದಿತ್ತು. ನಾನು ದವಾಖಾನೆ ಮುಟ್ಟುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಮಂಚದ ಸುತ್ತ ನಿಂತಿದ್ದರು.

"ಈ ಕಾಲು ಇಟಗೊಂಡು ಕೆರಿಗೆ ಯಾಕ ಹೋಗಿದ್ದೀಬೇ?" ಅಂತ ಒಬ್ಬಳು ಕೇಳಿದಳು.

"ಸುಮ್ಮನ ನೀರು ನೋಡಾಕ ಹೋಗಿದ್ದೆ. ಸೌಟು ನಿನ್ನೆನ ನನ್ನ ಮಗಳು ಮುಟ್ಟಿಸಿ ಬಂದಾಳ" ಅಂದಳು ಅವ್ವ. ನನ್ನ ಕಡೆ ನೋಡಲಿಲ್ಲ.

ಅವಳ ಸೀರೆ ತರಲು ಮನೆಗೆ ಹೋದೆ. ಅಡುಗೆಮನೆಯ ಗೂಟ ಖಾಲಿ ಇತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಿರಬೇಕು, ಬಿದ್ದಾಗ ನೀರು ಪಾಲಾಗಿರಬೇಕು. ಅಲ್ಲೇ ಒಲೆಯ ಮುಂದೆ ಕುಸಿದು ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅವ್ವ ಆಮೇಲೆ ಎದ್ದು ಓಡಾಡಲೇ ಇಲ್ಲ. ಎರಡು ವರ್ಷ ಹಾಸಿಗೆಯಲ್ಲೇ ಇದ್ದಳು. ಎಷ್ಟೋ ಸಲ ಹೇಳಬೇಕೆಂದು ಹತ್ತಿರ ಕುಳಿತು, ಔಷಧದ ಮಾತಾಡಿ ಎದ್ದು ಬಂದಿದ್ದೆ. ಕೊನೆಗೆ ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ, ಅವಳ ಬೆನ್ನು ನನ್ನ ಕಡೆಗಿದ್ದುದರಿಂದ ಧೈರ್ಯ ಬಂತು.

"ಯವ್ವಾ, ಅವತ್ತ ನಾ ಕೆರಿಗೆ ಹೋಗಿರಲಿಲ್ಲ."

"ಗೊತ್ತೈತಿ" ಅಂದಳು. "ಸೌಟಿಗೆ ಕೆರಿ ವಾಸನಿ ಇರಲಿಲ್ಲ."

ನನ್ನ ಕೈ ನಿಂತಿತು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಬಾಚು. ಮತ್ತ ಇದನ್ನ ಯಾರ ಮುಂದೂ ಅನಬ್ಯಾಡ. ಆ ಹೆಸರು ನಾ ಹೊತಗೊಂಡಿದ್ದು ಸಾಕು, ನಿನಗ ಬ್ಯಾಡ."

ಅವ್ವ ಹೋಗಿ ಈಗ ವರ್ಷವಾಯಿತು. ಸಣ್ಣ ಕೆರೆಗೆ ತಂತಿಬೇಲಿ, ವಾಕಿಂಗ್ ಮಾಡಲು ದಾರಿ, ಕೂಡಲು ಸಿಮೆಂಟಿನ ಬೆಂಚು ಬಂದಿವೆ. ಗೇಟಿನ ಹತ್ತಿರ ಒಂದು ಬೋರ್ಡಿನ ಮೇಲೆ ಸೌಟಿನ ಕತೆ ಬರೆಸಿದ್ದಾರೆ. ಜೆಸಿಬಿ ಬಂದು ಹೂಳು ತೆಗೆದಾಗ ನಾನು ಮೂರು ದಿನ ಕೆಲಸ ಬಿಟ್ಟು ದಂಡೆಯಲ್ಲಿ ನಿಂತಿದ್ದೆ. ಪ್ಲಾಸ್ಟಿಕ್ಕು, ಹರಿದ ಚಪ್ಪಲಿ, ಒಡೆದ ಬಾಟಲಿ ಬಂದವು. ಸೌಟು ಬರಲಿಲ್ಲ.

ಮೊನ್ನೆ ಪಕ್ಕದ ಮನೆಯ ಮದುವೆ. ಓಣಿಯ ಹೆಂಗಸರೆಲ್ಲ ಸೌಟು ಹಿಡಿದು ಕೆರೆಗೆ ಹೊರಟರು, ನಾನೂ ಹೋದೆ. ಮೆಟ್ಟಿಲಿಳಿಯುವಾಗ ಮದುಮಗಳ ಸೋದರತ್ತೆ ಸೌಟನ್ನು ಎದೆಗೆ ಅವುಚಿಕೊಂಡು, "ಜ್ವಾಕಿ ನೋಡ್ರೆವ್ವಾ, ಸೌಟಿನವ್ರು ಹಿಂದ ಅದಾರ" ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನ ಹಾಗೆ ನಾನೂ ಆಣಿ ಮಾಡುತ್ತೇನೆ ಅಂದುಕೊಂಡಿರಬೇಕು.

"ಹೂಂ ಯವ್ವಾ, ನಾನ ತಗೊಂಡೀನಿ" ಅಂದೆ.

ಅವರೆಲ್ಲ ಗೊಳ್ಳೆಂದು ನಕ್ಕರು.