ಅಕ್ಕೋರ ಕನ್ನಡಿ, ನನ್ನ ಗೀರು

ನಿವೃತ್ತಿಯ ಹೊತ್ತಿಗೆ ಅಕ್ಕೋರ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು. ಮೂಡಲಗಿಯ ನಮ್ಮ ಹೈಸ್ಕೂಲಿನಲ್ಲಿ ಎಲ್ಲರೂ ಅದನ್ನು ಮದರಂಗಿ ಎಂದೇ ತಿಳಿದಿದ್ದರು. ಅದು ದೂರದರ್ಶಕದ ಕನ್ನಡಿಗೆ ಹೊಳಪು ಕೊಡುವ ಪುಡಿಯೆಂದು ನನಗೆ ಗೊತ್ತಿತ್ತು. ಸ್ಟೋರ್ ರೂಮಿನ ಕೀಲಿ ಶಾಲೆಯ ಗುಮಾಸ್ತನಾದ ನನ್ನ ಬಳಿಯೇ ಇತ್ತಲ್ಲ.

ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು, ನಿವೃತ್ತಿಗೆ ಮೊದಲು ಮಕ್ಕಳಿಗೊಂದು ದೂರದರ್ಶಕ ಮಾಡಿಟ್ಟೇ ಹೋಗುವುದೆಂದು ಪಣ ತೊಟ್ಟಿದ್ದರು. ಕೀಲಿಯ ಸಂಗಡ ನಾನೂ ಆ ಕೆಲಸಕ್ಕೆ ಸೇರಿಹೋದೆ. ಪೀಪಾಯಿಯ ಮೇಲೆ ಒಂದು ದುಂಡು ಗಾಜು, ಅದರ ಮೇಲೆ ಇನ್ನೊಂದು, ನಡುವೆ ಗಾಜು ಸವೆಸುವ ಒರಟು ಪುಡಿ ಮತ್ತು ನೀರು. ಉಜ್ಜುತ್ತ ಪೀಪಾಯಿಯನ್ನು ಸುತ್ತಬೇಕು. ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಆ ತಗ್ಗೇ ಚಂದ್ರನ ಬೆಳಕನ್ನು ಒಂದೆಡೆ ಕೂಡಿಸುವುದು. ಅಷ್ಟು ಸುತ್ತು ಗುಡಿಗೆ ಹಾಕಿದ್ದರೆ ದೇವರೇ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದ.

ಮನೆಯಲ್ಲಿ ಯಾವ ಮಡಿಯೂ ಇಲ್ಲದ ಅಕ್ಕೋರು ಸ್ಟೋರ್ ರೂಮಿನಲ್ಲಿ ಮಹಾ ಮಡಿ. ಒರಟು ಪುಡಿ ಮುಗಿದು ನುಣ್ಣನೆಯದು ಬಂತೆಂದರೆ ಬೇರೆ ಬೋಗುಣಿ, ಬೇರೆ ಅರಿವೆ, ಬೇರೆ ಅಂಗಿ. "ಹಿಂದಿನ ಪುಡೀದು ಒಂದ ಕಾಳ ಉಳದ್ರ ಸಾಕ್ರಿ, ಗೀರ ಬೀಳತೈತಿ," ಎನ್ನುವರು.

ಕೆಂಪು ಪುಡಿಯಿಂದ ಹೊಳಪು ಕೊಡುವ ಕಡೆಯ ದಿನ, ಅವರ ನಿವೃತ್ತಿಗೆ ಒಂದೇ ತಿಂಗಳಿದ್ದಾಗ, ನಾನು ಹಳೆಯ ಅಂಗಿಯಲ್ಲಿ ಹೋದೆ. ಗಾಜು ಕರ್ ಎಂದಿತು. ಎತ್ತಿ ನೋಡಿದರೆ ಬೆರಳುದ್ದ ಗೀರು. ಅದಕ್ಕೆ ಅರಿವೆ ಹೊದಿಸಿ, ಮನಸ್ಸಿನಲ್ಲೇ ರಾಜೀನಾಮೆ ಪತ್ರದ ಒಕ್ಕಣೆ ಶುರುಮಾಡಿದೆ.

"ಅರಿವಿ ತಗೀರಿ, ಸಾಹೇಬ್ರ," ಎಂದರು ಅಕ್ಕೋರು.

ತೆಗೆದೆ.

"ಈ ಅಂಗಿ ಯಾವುದ್ರಿ?"

"ಹೋದ ತಿಂಗಳದ್ದರೀ, ಅಕ್ಕೋರ. ತೊಳದೇನ್ರಿ."

"ಕಿಸೆ?"

ಕಿಸೆ ತಿರುವಿದೆ. ಒರಟು ಪುಡಿ ಉದುರಿತು.

"ಮತ್ತ ಮೊದಲಿಂದ ಉಜ್ಜೂಣೇನ್ರಿ?" ಎಂದೆ. ಹಾಗೆ ಮಾಡಿದರೆ ಅವರ ನಿವೃತ್ತಿಯೊಳಗೆ ಮುಗಿಯದೆಂದು ಇಬ್ಬರಿಗೂ ಗೊತ್ತಿತ್ತು.

ಅವರು ಕಿಟಕಿ ಮುಚ್ಚಿ, ಸೂಜಿತೂತಿನ ಡಬ್ಬಿಯೊಳಗೆ ದೀಪವಿಟ್ಟು, ಕನ್ನಡಿಯಿಂದ ಮರಳಿದ ಬೆಳಕಿಗೆ ದಾಡಿಯ ಬ್ಲೇಡು ಅಡ್ಡ ಹಿಡಿದರು. ಗಾಜಿನ ಉಬ್ಬುತಗ್ಗೆಲ್ಲ ನೆರಳಾಗಿ ಕಾಣುವುದು ಹಾಗೆ. ಬಹಳ ಹೊತ್ತು ನೋಡಿದರು.

"ಆಕಾರ ಬಂದೈತ್ರಿ. ಗೀರ ಇರ್ಲಿ ಬಿಡ್ರಿ. ಒಂದೀಟ ಬೆಳಕ ತಿಂತೈತಿ, ಚಂದ್ರನ್ನ ಕೆಡಸೂದಿಲ್ಲ."

ಪುಣೆಯಲ್ಲಿ ಅಲ್ಯೂಮಿನಿಯಂ ಲೇಪ ಹಾಕಿಸಿಕೊಂಡು ಕನ್ನಡಿ ಬಂತು. ಬೀಳ್ಕೊಡುಗೆಯ ಸಂಜೆ ಮಕ್ಕಳು ಸಾಲು ಹಚ್ಚಿ ಚಂದ್ರನ ಕುಳಿಗಳನ್ನು ನೋಡಿದರು. ನನ್ನ ಗೀರು ಯಾರಿಗೂ ಕಾಣಲಿಲ್ಲ.

ಅಕ್ಕೋರು ಈಗ ಗೋಕಾಕದಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನೂ ನಿವೃತ್ತನಾಗಿ, ಹುಕ್ಕೇರಿಯಲ್ಲಿ ನಾಲ್ಕು ಮಂದಿ ಮಾಸ್ತರರಿಗೆ ಕನ್ನಡಿ ಉಜ್ಜುವುದನ್ನು ಕಲಿಸುತ್ತೇನೆ. ಬಾಗಿಲಲ್ಲೇ ಕಿಸೆ ತಪಾಸಣೆ. ಆದರೂ ಮೊನ್ನೆ ಒಬ್ಬರ ಗಾಜು ಕರ್ ಎಂದಿತು. ಅವರು ಮೆಲ್ಲಗೆ ಅರಿವೆ ಹೊದಿಸಿದರು. ಬೈಯಲೆಂದು ಬಾಯಿ ತೆರೆದವನು, ಎದ್ದು ಹೋಗಿ ಕಿಟಕಿ ಮುಚ್ಚಿ ಬ್ಲೇಡು ತಂದೆ.